ಹಳೆಯ ಯಂತ್ರವೇ ಸಾಕ್ಷಿ: ಅತಿವ್ಯಾಪಕ ಪೇಟೆಂಟಿಗೆ ಸಣ್ಣ ಉದ್ದಿಮೆಯ ಉತ್ತರ

ಪೇಟೆಂಟ್ ಉಲ್ಲಂಘನೆಯ ನೋಟಿಸ್ ಕೈಸೇರಿದೊಡನೆ ಅಂಜಿ ಉತ್ಪಾದನೆಯನ್ನೇ ನಿಲ್ಲಿಸುವ ಅಗತ್ಯವಿಲ್ಲ. ಮಂಜೂರಾದ ಮಾತ್ರಕ್ಕೆ ಪೇಟೆಂಟಿನ ಸಿಂಧುತ್ವಕ್ಕೆ ಖಾತರಿಯಿಲ್ಲವೆಂದು 1970ರ ಪೇಟೆಂಟ್ ಕಾಯಿದೆಯ 13(4)ನೆಯ ಕಲಮೇ ಸ್ಪಷ್ಟಪಡಿಸುತ್ತದೆ.

ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ತಯಾರಕರ ಮೊಕದ್ದಮೆ ಇದಕ್ಕೆ ನಿದರ್ಶನ. ಲೇತ್‌ನಲ್ಲಿ ತಿರುಗುವ ಪಾತ್ರೆಯು ಕಳಚಿ ಹಾರಿ ಕೆಲಸಗಾರರಿಗೆ ಅಪಾಯವಾಗುತ್ತಿತ್ತು. ಎದುರು ಬದಿಯ ಟೇಲ್‌ಸ್ಟಾಕ್‌ನ ಒತ್ತಡದಿಂದ ಪಾತ್ರೆಯನ್ನು ಹಿಡಿದಿಡುವ ವಿಧಾನಕ್ಕೆ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರ ದಿನಾಂಕದ ಪೇಟೆಂಟ್ ಪಡೆದು, ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆಯ ಮೇಲೆ ದಾವೆ ಹೂಡಿತು. ಪ್ರತಿವಾದಿಯು ಪೇಟೆಂಟನ್ನೇ ರದ್ದುಪಡಿಸಬೇಕೆಂದು ಕೋರಿತು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ರದ್ದುಗೊಳಿಸಿತು. ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಕೊನೆಗೆ 1978ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಪೇಟೆಂಟನ್ನು ಅಸಿಂಧುವೆಂದಿತು. ಟೇಲ್‌ಸ್ಟಾಕ್ ಆ ವೃತ್ತಿಗೆ ಬಹುಕಾಲದಿಂದ ಪರಿಚಿತ; ಅದರ ಈ ಬಳಕೆ ಕಾರ್ಯಾಗಾರದ ಸಾಮಾನ್ಯ ಸುಧಾರಣೆಯೇ ಹೊರತು ಆವಿಷ್ಕಾರವಲ್ಲ ಎಂಬುದು ತೀರ್ಪಿನ ಸಾರ. ಆ ಮೊಕದ್ದಮೆಗೆ 1911ರ ಕಾಯಿದೆ ಅನ್ವಯಿಸಿದ್ದರೂ ತತ್ತ್ವವು ಇಂದಿಗೂ ಮಾನ್ಯ.

ಹಕ್ಕುಕೋರಿಕೆ ವಿಶಾಲವಾದಷ್ಟೂ ಹಳೆಯ ವಸ್ತುಗಳು ಅದರೊಳಗೆ ಬೀಳುವ ಸಂಭವ ಹೆಚ್ಚು. ಆದುದರಿಂದ ಕುಮಾರಸ್ವಾಮಿ ಲೇಔಟ್‌ನಲ್ಲಿ ಒಂದೆರಡು ಲೇತ್‌ಗಳ ಕಾರ್ಯಾಗಾರ ನಡೆಸುವವರು ನೋಟಿಸ್ ಬಂದಾಗ ಮೊದಲು ಓದಬೇಕಾದುದು ಪೇಟೆಂಟಿನ ಶೀರ್ಷಿಕೆಯನ್ನಲ್ಲ, ಹಕ್ಕುಕೋರಿಕೆಯನ್ನು. ಅಲ್ಲಿನ ಒಂದೊಂದು ಅಂಶಕ್ಕೂ ಪೇಟೆಂಟಿನ ಆದ್ಯತಾ ದಿನಾಂಕಕ್ಕಿಂತ ಹಿಂದಿನ ಪುರಾವೆ ಹುಡುಕಬೇಕು. ಹಳೆಯ ಕ್ಯಾಟಲಾಗು, ದಿನಾಂಕವಿರುವ ಬಿಲ್ಲು, ನಕ್ಷೆ, ಮೂಲೆಗೆ ಸೇರಿದ ಯಂತ್ರ ಎಲ್ಲವೂ ಪ್ರಯೋಜನಕಾರಿ. ಆದರೆ ಬಳಕೆ ಬಹಿರಂಗವಾಗಿರಬೇಕು. ಗುಟ್ಟಿನ ಬಳಕೆ ಸಾಲದು. ದಿನಾಂಕವಿಲ್ಲದ ಯಂತ್ರಕ್ಕೆ ಖರೀದಿಪತ್ರದ ಬೆಂಬಲ ಬೇಕು.

ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಮಂಜೂರಾತಿಗೆ ಮುನ್ನ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಮಂಜೂರಾತಿ ಪ್ರಕಟವಾದ 1 ವರ್ಷದೊಳಗೆ ಹಿತಾಸಕ್ತಿಯುಳ್ಳವರು ವಿರೋಧಿಸಬಹುದು. ಅವಧಿ ಮೀರಿದರೂ 64ನೆಯ ಕಲಮಿನನ್ವಯ ರದ್ದತಿ ಕೋರುವ ದಾರಿಯಿದೆ. ಮೇಲ್ಮನವಿ ಮಂಡಳಿಯು 2021ರಲ್ಲಿ ರದ್ದಾದ ಬಳಿಕ ಈ ಅರ್ಜಿಗಳು ಹೈಕೋರ್ಟಿಗೆ ಹೋಗುತ್ತವೆ. ಉಲ್ಲಂಘನೆಯ ದಾವೆಯಲ್ಲಿ ಇದೇ ಆಧಾರಗಳನ್ನು ಪ್ರತಿವಾದವಾಗಿ ಹೂಡಲು 107ನೆಯ ಕಲಂ ಅವಕಾಶ ನೀಡುತ್ತದೆ.

ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರ ಛಾಯಾಚಿತ್ರ, ಬಿಲ್ಲು ಹಾಗೂ ಕೈಪಿಡಿಯನ್ನು ಕಡತಕ್ಕೆ ಸೇರಿಸುವುದು ಒಳಿತು. ತೂಕಕ್ಕೆ ಮಾರಿದರೆ ಸಿಗುವ ಹಣಕ್ಕಿಂತ ಈ ದಾಖಲೆಯ ಬೆಲೆ ಮುಂದೊಂದು ದಿನ ಹೆಚ್ಚಾಗಬಹುದು.