ಪ್ರವಾಸದ ಮೂರನೆಯ ದಿನ

ನಮ್ಮ ಕಡೆಯ ಎರಿಹೊಲಗಳಲ್ಲಿ ಜೋಳ ಹಾಲುಗಟ್ಟುವ ಹೊತ್ತಿಗೆ ಕಾಲೇಜುಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಮೊಳೆಯುತ್ತದೆ. ಗಜೇಂದ್ರಗಡ, ರೋಣ, ನರಗುಂದಗಳಿಂದ ಹೊರಟ ಬಸ್ಸು ಮೊದಲ ದಿನ ಚಿತ್ರದುರ್ಗದ ಕೋಟೆಯನ್ನು ಹತ್ತಿಳಿದು, ಎರಡನೆಯ ದಿನ ಬೆಂಗಳೂರನ್ನು ಸುತ್ತಿ, ಮೂರನೆಯ ದಿನ ಶ್ರೀರಂಗಪಟ್ಟಣ ಸೋಮನಾಥಪುರಗಳನ್ನು ಮುಗಿಸಿ, ನಾಲ್ಕನೆಯ ದಿನ ಮೈಸೂರಿನ ಅರಮನೆಯಂಗಳದಲ್ಲಿ ನಿಲ್ಲುವುದು ಬಹುಕಾಲದ ಕ್ರಮ. ಕಳೆದ ವರ್ಷ ಈ ಕ್ರಮಕ್ಕೆ ವಿಘ್ನ ಬಂದುದು ಮೂರನೆಯ ದಿನದಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಬಿಡದಿಯ ಬಳಿ, 2005ರಿಂದ ವಂಡರ್‌ಲಾ ಎಂಬ ವಿನೋದೋದ್ಯಾನವಿದೆಯಷ್ಟೆ. ಆ ದಿನವನ್ನು ಅಲ್ಲಿಯೇ ಕಳೆಯಬೇಕೆಂದು ವಿದ್ಯಾರ್ಥಿಗಳು ಕೈಯೆತ್ತಿ ತೀರ್ಮಾನಿಸಿಬಿಟ್ಟರು. ಪ್ರವಾಸದ ಹೊಣೆ ಹೊತ್ತಿದ್ದ ನಾನು ಒಪ್ಪಲಿಲ್ಲ.

ನನ್ನ ಆಕ್ಷೇಪಗಳು ಬಲವಾದವುಗಳೆಂದೇ ನಾನು ಭಾವಿಸಿದ್ದೆ. ಮೊದಲನೆಯದು ಹಣ. ವಿದ್ಯಾರ್ಥಿಗಳ ರಿಯಾಯಿತಿಯನ್ನು ಕಳೆದೂ ಪ್ರವೇಶಕ್ಕೇ ಸಾವಿರ ರೂಪಾಯಿಯ ಆಸುಪಾಸು ಬೇಕು. 2025-26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ನಮ್ಮ ರಾಜ್ಯಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ತಾಯಿ ಸುಮಾರು ಮೂರು ದಿನ ಮಣ್ಣು ಹೊತ್ತು ಗಳಿಸಿದುದನ್ನು ಮಗ ಒಂದೇ ಹಗಲಿನಲ್ಲಿ ನೀರಿನಲ್ಲಿ ಹೋಮ ಮಾಡುವುದೆಂದರೆ ಏನು! ಎರಡನೆಯದು, ಹೋಗುವುದಾದರೆ ಸೋಮನಾಥಪುರವನ್ನು ಕೈಬಿಡಬೇಕಾಗುತ್ತಿತ್ತು. ಬೇಲೂರು ಹಳೇಬೀಡುಗಳ ಜೊತೆಗೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಗುಡಿಯದು. ಅದನ್ನು ಬದಿಗೊತ್ತಿ ಜಾರುಬಂಡೆಗೆ ಹೋದೆವೆಂದು ಯಾವ ಮುಖದಿಂದ ವರದಿ ಬರೆಯಲಿ?

ಈ ತೊಡಕು ನಮ್ಮೊಬ್ಬರದೇ ಅಲ್ಲವೆಂಬುದು ಆಮೇಲೆ ಹೊಳೆಯಿತು. ಐದು ದಿನದ ಬಿಡುವಿನಲ್ಲಿ ಪ್ಯಾರಿಸ್ಸಿಗೆ ಹೋದ ಕುಟುಂಬಗಳು ಇದೇ ಲೆಕ್ಕದಲ್ಲಿ ತಲೆ ಕೆಡಿಸಿಕೊಳ್ಳುವುದುಂಟು. ಲೂವ್ರ್ ಸಂಗ್ರಹಾಲಯಕ್ಕೇ ಒಂದು ದಿನ ಸಾಲದು. ಆದರೆ ನಗರದಿಂದ ಪೂರ್ವಕ್ಕೆ ಸುಮಾರು 32 ಕಿಲೋಮೀಟರು ದೂರದಲ್ಲಿ, ಮಾರ್ನ್-ಲಾ-ವಾಲೆಯಲ್ಲಿ, 1992ರ ಏಪ್ರಿಲ್ 12ರಂದು ತೆರೆದ ಡಿಸ್ನಿಯ ಉದ್ಯಾನ ಮಕ್ಕಳನ್ನು ಕರೆಯುತ್ತಿರುತ್ತದೆ. ಅದು ಬರುವಾಗ ಫ್ರೆಂಚ್ ಬುದ್ಧಿಜೀವಿಗಳು ಕೆಂಡ ಕಾರಿದರು. ರಂಗನಿರ್ದೇಶಕಿ ಆರಿಯಾನ್ ನೂಷ್ಕಿನ್ ಅದನ್ನು ಸಂಸ್ಕೃತಿಗೊದಗಿದ ಚೆರ್ನೋಬಿಲ್ ದುರಂತಕ್ಕೆ ಹೋಲಿಸಿದರು. ಜನ ಕಿವಿಗೊಡಲಿಲ್ಲ. ಇಂದು ಯುರೋಪಿನಲ್ಲಿ ಅತಿ ಹೆಚ್ಚು ಪ್ರವಾಸಿಗಳು ಸೇರುವ ಸ್ಥಳಗಳಲ್ಲಿ ಅದೂ ಒಂದು. ಕೋಪನ್‌ಹೇಗನ್ನಿನವರ ಪುಣ್ಯ ಬೇರೆ ಬಗೆಯದು. ಅಲ್ಲಿಯ ಟಿವೋಲಿ ಉದ್ಯಾನ 1843ರಿಂದ ಊರ ನಡುವೆ, ಈಗಿನ ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ. ಹಗಲೆಲ್ಲ ಅರಮನೆ ನೋಡಿ ಸಂಜೆಗೆ ಒಳಹೊಕ್ಕು ಬರಬಹುದು. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ಮೊದಲ ಉದ್ಯಾನವನ್ನು ತೆರೆಯುವ ಮುನ್ನ ಈ ಟಿವೋಲಿಯನ್ನು ನೋಡಿಬಂದಿದ್ದ. ಬಿಡದಿಯಾದರೋ ಪ್ಯಾರಿಸ್ಸಿನ ಜಾತಿಯದು, ಹೋದರೆ ಇಡೀ ಹಗಲನ್ನೇ ನುಂಗುತ್ತದೆ.

ನಡುದಾರಿಯೊಂದನ್ನು ನಾನೂ ಸೂಚಿಸಿದೆ. ಹೇಗಿದ್ದರೂ ಮರಳುವ ದಾರಿಯಲ್ಲಿ ಶಿಗ್ಗಾವಿ ತಾಲೂಕಿನ ಗೊಟಗೋಡಿ ಸಿಗುತ್ತದೆ. ದೊಡ್ಡಾಟಕ್ಕೆ ಮರುಜೀವ ಕೊಡಲು ದುಡಿದ ಕಲಾವಿದ ಟಿ. ಬಿ. ಸೊಲಬಕ್ಕನವರ ಅಲ್ಲಿ ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕೆಲ್ಲ ಆಳೆತ್ತರದ ಸಿಮೆಂಟಿನ ಶಿಲ್ಪಗಳಾಗಿ ನಿಂತಿದೆ. ಉದ್ಯಾನವೂ ಆಯಿತು, ಸಂಸ್ಕೃತಿಯೂ ಆಯಿತು ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ನಮ್ಮ ಹಿತ್ತಲದಾಗಿನ ಎತ್ತು ನೋಡಾಕ ಟಿಕೀಟು ಯಾಕ್ರಿ ಸರ್?” ಎಂದು ಎಲ್ಲರನ್ನೂ ನಗಿಸಿದ. ನಾನು ಬಿಡಲಿಲ್ಲ. ನಿಮ್ಮ ಹಿತ್ತಲಲ್ಲಿ ಈಗಲೂ ಎತ್ತುಗಳಿವೆಯೇ ಎಂದು ಕೇಳಿದೆ. ಟ್ರಾಕ್ಟರು ಬಂದ ವರ್ಷವೇ ಮಾರಿದ್ದರಂತೆ. ಗೊಟಗೋಡಿಗೆ ಎರಡು ತಾಸು ಸಿಕ್ಕಿತು. ಬಿಡದಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಅದನ್ನು ಬಿಡಿಸಿದವಳು ರೋಣದ ಕಡೆಯ ಹಳ್ಳಿಯೊಂದರಿಂದ ಬರುವ, ತರಗತಿಯಲ್ಲಿ ಬಾಯಿ ಬಿಡದ ವಿದ್ಯಾರ್ಥಿನಿ. ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ನಿಂತು ಹೇಳಿದಳು: “ಗುಡಿ ನೋಡಾಕ ಮುಂದ ಗಂಡನ ಮನಿಯವರೂ ಕರಕೊಂಡು ಹೋಗ್ತಾರ್ರಿ ಸರ್. ಅಲ್ಲಿಗೆ ಯಾರು ಕರಕೊಂಡು ಹೋಗ್ತಾರ?”

ಉತ್ತರ ನನ್ನ ಬಳಿ ಇರಲಿಲ್ಲ. ಕಾಲಕಾಲೇಶ್ವರನ ಜಾತ್ರೆಯಲ್ಲಿ ತಿರುಗುವ ತೊಟ್ಟಿಲುಗಳನ್ನು ನಾನೂ ಕಂಡವನೇ. ಗಂಡುಹುಡುಗರು ಸಿಳ್ಳು ಹಾಕುತ್ತ ಏರುತ್ತಾರೆ. ಈ ವಯಸ್ಸಿನ ಹೆಣ್ಣುಮಕ್ಕಳು ಹಿರಿಯರ ಮಗ್ಗುಲಲ್ಲಿ, ತಮ್ಮನ ಕೈ ಹಿಡಿದು, ತಲೆಯೆತ್ತಿ ನೋಡುತ್ತ ನಿಂತಿರುತ್ತಾರೆ. ಉದ್ದೇಶವಿಲ್ಲದ, ಗೆಳತಿಯರ ಜೊತೆಗಿನ ಒಂದು ಹಗಲು ಅವರ ಲೆಕ್ಕದಲ್ಲಿ ಬರುವುದು ಬಹುಶಃ ಪದವಿಯ ಮೂರು ವರ್ಷಗಳೊಳಗೇ.

ನೀರಿನ ಮಾತೂ ಇದೆ. ನಮ್ಮ ನೆಲದಲ್ಲಿ ನೀರೆಂಬುದು ಆಟದ ವಸ್ತುವಾಗಿ ಎಂದೂ ಇದ್ದುದಿಲ್ಲ. ಮಲಪ್ರಭೆಯ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಕರದ ವಿರುದ್ಧ ಎದ್ದಾಗ, 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗುಂಡು ಹಾರಿತು. ಕಳಸಾ-ಬಂಡೂರಿಯ ನೀರಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಹೂಡಿದ ಧರಣಿ ವರ್ಷಗಟ್ಟಲೆ ನಡೆಯಿತು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಕಾಗದದಲ್ಲಿ ಹರಿದ ಆ ನೀರನ್ನು ನಮ್ಮ ಮಕ್ಕಳು ಸಾಮಾನ್ಯಜ್ಞಾನದ ಪ್ರಶ್ನೆಯಾಗಿ ಬಾಯಿಪಾಠ ಮಾಡಿದ್ದಾರೆ. ಇಂಥ ಊರಿನವರು ಕೃತಕ ಮಳೆಯಲ್ಲಿ ಕುಣಿಯುವುದು ಅಪಚಾರವೆಂದು ಮೊದಲು ನನಗೆ ತೋರಿತ್ತು. ಕೊಡದಲ್ಲಿ, ಟ್ಯಾಂಕರಿನಲ್ಲಿ, ವರ್ತಮಾನಪತ್ರಿಕೆಯಲ್ಲಿ ಮಾತ್ರ ನೀರನ್ನು ಕಂಡವರಿಗೆ ಒಂದು ಸಲವಾದರೂ ಎದೆಮಟ್ಟ ಅದರಲ್ಲಿ ನಿಲ್ಲುವ ಹಕ್ಕಿದೆಯೆಂಬುದು ತಡವಾಗಿ ತೋರಿತು. ಎರಡೂ ಏಕಕಾಲಕ್ಕೆ ನಿಜವಿರಬಹುದು. ಬಸ್ಸು ಮಾತ್ರ ಒಂದೇ ಕಡೆ ಹೋಗಬಲ್ಲುದು.

ಒಪ್ಪಿದೆ. ಆದರೆ ಸೋಮನಾಥಪುರದ ಸಾಲವನ್ನು ಬೇರೆಡೆ ತೀರಿಸಬೇಕೆಂದು ನಿಬಂಧನೆ ಹಾಕಿದೆ. ಚಾಳುಕ್ಯರ ಅರಸುಮಗಳು ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ಸೂಡಿ ನಮ್ಮ ಗಜೇಂದ್ರಗಡದ ನೆರೆಯಲ್ಲೇ ಇದೆ. ಎರಡು ಶಿಖರಗಳ ಜೋಡುಕಳಸದ ಗುಡಿ, ನಾಗಕುಂಡ, ಯಾವುದಕ್ಕೂ ಸಾವಿರ ರೂಪಾಯಿ ಬೇಕಿಲ್ಲ. ತರಗತಿಯ ನಲವತ್ತನಾಲ್ಕು ಮಂದಿಯಲ್ಲಿ ಅದನ್ನು ನೋಡಿದವರು ಆರು. ಪ್ರವಾಸದಿಂದ ಬಂದ ಎರಡನೆಯ ಭಾನುವಾರ ಎಲ್ಲರೂ ಸೂಡಿಗೆ ಬರತಕ್ಕದ್ದು ಎಂದೆ. ಹೂಂಗುಟ್ಟಿದರು.

ಮೂರನೆಯ ದಿನ ನಾನು ದಂಡೆಯ ಮೇಲೆ ಕನ್ನಡಕ, ಕೈಗಡಿಯಾರ, ಮೊಬೈಲುಗಳ ಕಾವಲುಗಾರನಾಗಿ ಕುಳಿತೆ. ಹತ್ತಿಯ ಬಟ್ಟೆಯಲ್ಲಿ ನೀರಿಗಿಳಿಯಗೊಡುವುದಿಲ್ಲವೆಂದು ಮೊದಲೇ ತಿಳಿದುಕೊಂಡು, ಹುಡುಗಿಯರು ಮೈತುಂಬ ಮುಚ್ಚುವ ನೈಲಾನಿನ ಉಡುಪುಗಳನ್ನು ಗದಗಿನಿಂದ ತಂದಿದ್ದರು. ಅಲೆಗಳ ಕೊಳದಲ್ಲಿ ಮೊದಲ ಅಲೆ ಎದ್ದಾಗ ಅವರು ಸಾಲಾಗಿ ಕೈಕೈ ಹಿಡಿದು ನಿಂತು ಕೂಗಿದ ಕೂಗನ್ನು ನನ್ನ ಇಪ್ಪತ್ತು ವರ್ಷಗಳ ಬೋಧನೆಯಲ್ಲಿ ಯಾವ ಪಾಠಕ್ಕೂ ನಾನು ಕೇಳಿದುದಿಲ್ಲ. ಬಾಯಿ ಬಿಡದ ಆ ಹುಡುಗಿ ಮಧ್ಯಾಹ್ನದ ಊಟಕ್ಕೂ ಮೇಲೆ ಬರಲೊಲ್ಲಳು. ಕರೆಯಕೂಡದೆಂದು ನಾನೇ ಗೆಳತಿಯರಿಗೆ ಹೇಳಿದೆ. ಸಂಜೆ ಮೈಸೂರಿನ ದಾರಿಯಲ್ಲಿ ಬಸ್ಸೆಲ್ಲ ನಿದ್ದೆ. ಗೊಟಗೋಡಿಯಲ್ಲಿ, ಹಿತ್ತಲಿನ ಎತ್ತಿನ ಮಾತಾಡಿದ ಹುಡುಗ ಸಿಮೆಂಟಿನ ಎತ್ತುಗಳ ಮುಂದೆ ನಿಂತು ನೊಗ, ಮಿಣಿ, ಕುಂಟೆಗಳ ಹೆಸರುಗಳನ್ನು ಕಿರಿಯರಿಗೆ ಹೇಳಿಕೊಡುತ್ತಿದ್ದ. ಒಂದೆರಡನ್ನು ನಾನೂ ಅವನಿಂದಲೇ ಕಲಿತೆ.

ಸೂಡಿಯ ಭಾನುವಾರ ಬಂದವರು ಹತ್ತೊಂಬತ್ತು ಮಂದಿ. ನಾಗಕುಂಡದ ಮೆಟ್ಟಿಲ ಮೇಲೆ ಕುಳಿತು, ತಂದ ರೊಟ್ಟಿ ಬುತ್ತಿ ಬಿಚ್ಚಿ ಉಂಡೆವು. ಆ ಹುಡುಗಿ ಎಲ್ಲಿ ಎಂದು ಕೇಳಿದೆ. ಅಂದು ಅವಳ ಮನೆಗೆ ಹುಡುಗನ ಕಡೆಯವರು ನೋಡಲು ಬಂದಿದ್ದರಂತೆ.