ಹದಿನೇಳರ ಮನಸ್ಸು ಮತ್ತು ನ್ಯಾಯದ ತಕ್ಕಡಿ

2025ರ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯ ಒಂದು ಬಡಾವಣೆಯಲ್ಲಿ, ಕ್ಷುಲ್ಲಕ ಜಗಳವೊಂದರ ನಡುವೆ, ಆರನೆಯ ತರಗತಿಯ ಹುಡುಗನೊಬ್ಬನು ಒಂಬತ್ತನೆಯ ತರಗತಿಯ ತನ್ನ ಗೆಳೆಯನನ್ನು ಚಾಕುವಿನಿಂದ ತಿವಿದು ಕೊಂದನೆಂಬ ವಾರ್ತೆ ನಾಡನ್ನೆಲ್ಲ ತಲ್ಲಣಗೊಳಿಸಿತು. ಆ ದಿನಗಳಲ್ಲಿ ಬೈಲಕುಪ್ಪೆಯ ಹೆದ್ದಾರಿಯ ಬದಿಯ ಹೋಟೆಲೊಂದರಲ್ಲಿ ಬಸ್ಸಿಗಾಗಿ ಕಾದು ಕುಳಿತಿದ್ದ ಈ ಲೇಖಕನ ಕಿವಿಗೆ ಪಕ್ಕದ ಮೇಜಿನ ಮಾತು ಬಿದ್ದಿತು. ಪತ್ರಿಕೆಯನ್ನು ಮಡಿಸಿಟ್ಟ ಹಿರಿಯರೊಬ್ಬರು, “ವಯಸ್ಸು ನೋಡ್ಕಂಡು ಕೂತ್ರೆ ಆಯ್ತದಾ? ಚಾಕು ಹಿಡಿಯೋವಷ್ಟು ದೊಡ್ಡೋನಾದ್ಮೇಲೆ ಶಿಕ್ಷೆ ಉಣ್ಣೋವಷ್ಟೂ ದೊಡ್ಡೋನೇ” ಎಂದರು. ಎದುರಿಗಿದ್ದ ಯುವಕ ಒಪ್ಪಲಿಲ್ಲ. “ಅದೆಲ್ಲ ಬಡವ್ರ ಮಕ್ಕಳಿಗೆ ಕಣಣ್ಣ. ಪುಣೆಲಿ ಕಾರು ಗುದ್ದಿ ಇಬ್ರನ್ನ ಸಾಯಿಸ್ದೋನಿಗೆ ಪ್ರಬಂಧ ಬರಿ ಅಂದ್ರಲ್ಲ!”

ಇವರಿಬ್ಬರೂ ಎತ್ತಿದ ಪ್ರಶ್ನೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಒಂದು ವಯಸ್ಸಿಗೂ ಹೊಣೆಗಾರಿಕೆಗೂ ಇರುವ ಸಂಬಂಧ. ಅದು ಮನಶ್ಶಾಸ್ತ್ರಕ್ಕೆ ಸೇರಿದ್ದು. ಇನ್ನೊಂದು ಹಣಕ್ಕೂ ನ್ಯಾಯಕ್ಕೂ ಇರುವ ಸಂಬಂಧ. ಅದು ಸಮಾಜಕ್ಕೆ ಸೇರಿದ್ದು. ಆದರೆ ನಮ್ಮ ಕಾನೂನಿನಲ್ಲಿ ಈ ಎರಡು ಪ್ರಶ್ನೆಗಳೂ ಒಂದೆಡೆ ಬಂದು ಸೇರುತ್ತವೆ. ಆ ಸ್ಥಳವನ್ನು ವಾಚಕರಿಗೆ ತೋರಿಸುವುದೇ ಈ ಲೇಖನದ ಉದ್ದೇಶ.

ಎಳೆಯರ ಅಪರಾಧವನ್ನು ಬೇರೆಯಾಗಿ ಎಣಿಸುವುದು ಹೊಸ ಮೃದುತನವೇನೂ ಅಲ್ಲ. 1860ರ ಭಾರತೀಯ ದಂಡಸಂಹಿತೆಯೇ ಏಳು ವರ್ಷದೊಳಗಿನ ಮಗು ಮಾಡಿದ ಯಾವುದೂ ಅಪರಾಧವಲ್ಲವೆಂದಿತು. ಏಳರಿಂದ ಹನ್ನೆರಡರವರೆಗಿನವರ ವಿಷಯದಲ್ಲಿ ತಿಳಿವಳಿಕೆ ಬಲಿತಿದೆಯೇ ಎಂದು ನೋಡಬೇಕೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೇ ನಿಯಮ ಉಳಿದಿದೆ. ಮೈಸೂರು ರಾಜ್ಯವು 1964ರಲ್ಲಿ ಮಕ್ಕಳ ಕಾಯಿದೆಯೊಂದನ್ನು ಮಾಡಿಕೊಂಡಿತ್ತು. 1986ರ ಕೇಂದ್ರ ಕಾಯಿದೆ ಗಂಡುಹುಡುಗರಿಗೆ ಹದಿನಾರು, ಹೆಣ್ಣುಮಕ್ಕಳಿಗೆ ಹದಿನೆಂಟು ಎಂಬ ಗಡಿಯಿಟ್ಟಿತು. 2000ದ ಕಾಯಿದೆ ಇಬ್ಬರಿಗೂ ಹದಿನೆಂಟೆಂದಿತು. 2012ರ ದೆಹಲಿಯ ಅತ್ಯಾಚಾರ ಮತ್ತು ಕೊಲೆಯ ಆರು ಮಂದಿ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಅವನು ಮೂರು ವರ್ಷ ಸುಧಾರಣಾಲಯದಲ್ಲಿದ್ದು 2015ರ ಡಿಸೆಂಬರಿನಲ್ಲಿ ಹೊರಬಂದಾಗ ಜನರ ರೋಷ ಉಕ್ಕಿತು. ಅದೇ ತಿಂಗಳು ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿತು. ಹದಿನಾರು ತುಂಬಿ ಹದಿನೆಂಟು ತುಂಬದವನು ‘ಹೇಯ’ ಅಪರಾಧವೊಂದನ್ನು ಮಾಡಿದನೆಂಬ ಆರೋಪವಿದ್ದರೆ, ಅವನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಲು ಅದು ಅವಕಾಶವಿತ್ತಿತು. ಮರಣದಂಡನೆಯೂ ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯೂ ಮಾತ್ರ ಕೂಡದು.

ಹುಬ್ಬಳ್ಳಿಯ ಹುಡುಗನು ಹದಿನಾರಕ್ಕಿಂತ ಬಹಳ ಚಿಕ್ಕವನಾದುದರಿಂದ ಈ ನಿಯಮ ಅವನಿಗೆ ತಗಲುವುದೇ ಇಲ್ಲ. ಆರೋಪ ಸಾಬೀತಾದರೂ ವಿಶೇಷ ಗೃಹದಲ್ಲಿ ಹೆಚ್ಚೆಂದರೆ ಮೂರು ವರ್ಷ. ಸತ್ತ ಹುಡುಗನ ತಾಯಿಗೆ ಈ ಲೆಕ್ಕ ಹೇಗೆ ಕೇಳಿಸೀತೆಂಬುದನ್ನು ಯಾರೂ ಊಹಿಸಬಲ್ಲರು. ಹೋಟೆಲಿನ ಹಿರಿಯರ ಸಿಟ್ಟು ಹುಟ್ಟುವುದೂ ಅಲ್ಲಿಯೇ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೂ ಒಂದು ಪ್ರಮಾಣದ ಅರಿವು ಇರಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 58 ಲಕ್ಷ ಪ್ರಕರಣಗಳಲ್ಲಿ ಅಪ್ರಾಪ್ತರ ಮೇಲಿನವು 30,555. ಎಂದರೆ ನೂರಕ್ಕೆ ಸುಮಾರು ಅರ್ಧ. ಹೀಗೆ ಹಿಡಿಯಲ್ಪಟ್ಟವರಲ್ಲಿ ನಾಲ್ಕನೆಯ ಮೂರು ಪಾಲಿಗಿಂತ ಹೆಚ್ಚು ಮಂದಿ ಹದಿನಾರು ಮತ್ತು ಹದಿನೆಂಟರ ನಡುವಿನವರು.

ಆ ಎರಡು ವರ್ಷಗಳಲ್ಲಿ ಮನುಷ್ಯನ ಮಿದುಳಿನಲ್ಲಿ ನಡೆಯುವುದಾದರೂ ಏನು?

ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗವು ಮುಂದಾಲೋಚನೆಗೂ ತಡೆಹಿಡಿಯುವ ಶಕ್ತಿಗೂ ನೆಲೆಯೆಂಬುದು ತಿಳಿದ ವಿಷಯ. ಬಳಕೆಯಿಲ್ಲದ ನರಸಂಧಿಗಳು ಕ್ರಮೇಣ ಉದುರುವುದು, ನರತಂತುಗಳಿಗೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆ ಬಲಿಯುವುದು — ಈ ಎರಡು ಕೆಲಸಗಳು ಈ ಭಾಗದಲ್ಲಿ ಎಲ್ಲಕ್ಕಿಂತ ತಡವಾಗಿ, ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತಿರುತ್ತವೆ. ಆದರೆ ಸುಖದ ಆಸೆಗೂ ಉದ್ರೇಕಕ್ಕೂ ಸಂಬಂಧಿಸಿದ ಒಳಗಿನ ಕೇಂದ್ರಗಳು ಹರೆಯ ಬಂದ ಕೂಡಲೇ ಚುರುಕಾಗುತ್ತವೆ. ನಮ್ಮ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೋರಿಗೆ ಬಲ ಬಂದು ಮೂಗುದಾರ ಬೀಳದಿರುವ ಕಾಲವನ್ನು ಅವನು ಚೆನ್ನಾಗಿ ಬಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಎಂಬವರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಬಹಳ ಬೋಧಪ್ರದವಾಗಿದೆ. ಹದಿಮೂರರಿಂದ ಹದಿನಾರರವರೆಗಿನವರು, ಹದಿನೆಂಟರಿಂದ ಇಪ್ಪತ್ತೆರಡರವರೆಗಿನವರು, ಇಪ್ಪತ್ತನಾಲ್ಕು ಮೀರಿದವರು, ಹೀಗೆ ಒಟ್ಟು 306 ಮಂದಿಗೆ ಗಣಕದ ಪರದೆಯ ಮೇಲೆ ಕಾರು ಓಡಿಸುವ ಆಟವನ್ನು ಕೊಟ್ಟರು. ಹಳದಿ ದೀಪ ಬಿದ್ದ ಮೇಲೂ ಮುಂದೆ ಓಡಿಸಿದಷ್ಟು ಅಂಕ ಹೆಚ್ಚು. ಅಡ್ಡಗೋಡೆಗೆ ಬಡಿದರೆ ಗಳಿಸಿದ್ದೆಲ್ಲ ಹೋಯಿತು. ಕೆಲವರು ಒಬ್ಬರೇ ಕುಳಿತು ಆಡಿದರು. ಕೆಲವರು ಇಬ್ಬರು ಗೆಳೆಯರ ಮುಂದೆ ಆಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಚಿಕ್ಕ ವಯಸ್ಸಿನವರು ಅಪಾಯಕ್ಕೆ ಕೈಹಾಕುವುದು ಬಹಳ ಹೆಚ್ಚಿತು. ನಡುವಯಸ್ಸಿನ ಗುಂಪಿನಲ್ಲಿ ಅದಕ್ಕಿಂತ ಕಡಿಮೆ ಹೆಚ್ಚಿತು. ದೊಡ್ಡವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ಒಂದೇ. ಹದಿಹರೆಯದವನಿಗೆ ಅಪಾಯ ತಿಳಿಯದೆಂದಲ್ಲ. ತಿಳಿದಿದ್ದೂ ಗೆಳೆಯರ ಕಣ್ಣೆದುರಿಗೆ ಆ ತಿಳಿವು ಕೈಗೆ ಬರುವುದಿಲ್ಲ.

2019ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ ಭಾರತವೂ ಸೇರಿದಂತೆ ಹನ್ನೊಂದು ದೇಶಗಳಲ್ಲಿ, ಹತ್ತರಿಂದ ಮೂವತ್ತು ವರ್ಷದೊಳಗಿನ ಐದು ಸಾವಿರಕ್ಕೂ ಮಿಕ್ಕ ಜನರ ಮೇಲೆ ನಡೆಯಿತು. ಶಾಂತವಾಗಿ ಕುಳಿತು ತರ್ಕಮಾಡುವ ಶಕ್ತಿ ಸುಮಾರು ಹದಿನಾರಕ್ಕೆ ವಯಸ್ಕರ ಮಟ್ಟ ಮುಟ್ಟುತ್ತದೆ. ಉದ್ರೇಕವನ್ನು ತಡೆಯುವ ಪ್ರೌಢಿಮೆ ಹದಿನೆಂಟು ಕಳೆದ ಮೇಲೂ ಬೆಳೆಯುತ್ತಲೇ ಇರುತ್ತದೆ. ಎಂದರೆ ಹದಿನೇಳರ ಹುಡುಗನಲ್ಲಿ ಎರಡು ವಯಸ್ಸುಗಳಿವೆ: ಪರೀಕ್ಷಾ ಕೊಠಡಿಯಲ್ಲಿ ಒಂದು, ಬೀದಿಯ ಜಗಳದಲ್ಲಿ ಇನ್ನೊಂದು. ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಹೇಳಬೇಕು. ಇವೆಲ್ಲ ನೂರಾರು ಮಂದಿಯ ಸರಾಸರಿಗಳು. ಯಾವ ಚಿತ್ರಣಯಂತ್ರವೂ ಇಂಥ ಒಬ್ಬ ಹುಡುಗ ಇಂಥ ದಿನ ಎಷ್ಟು ಪ್ರೌಢನಾಗಿದ್ದನೆಂದು ಹೇಳಲಾರದು.

ಆದರೆ ನಮ್ಮ ಕಾನೂನು ಕೇಳುವುದು ಅದನ್ನೇ. 2015ರ ಕಾಯಿದೆಯ 15ನೆಯ ಪ್ರಕರಣದಂತೆ ಬಾಲನ್ಯಾಯ ಮಂಡಳಿಯು — ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕರು, ಅವರಲ್ಲೊಬ್ಬರು ಮಹಿಳೆ — ಮೂರು ವಿಷಯಗಳನ್ನು ಪ್ರಾಥಮಿಕವಾಗಿ ಅಂದಾಜು ಮಾಡಬೇಕು: ಆ ಕೃತ್ಯವನ್ನೆಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಹುಡುಗನಿಗಿತ್ತೇ, ಅದರ ಪರಿಣಾಮವನ್ನು ಅರಿಯಬಲ್ಲವನಾಗಿದ್ದನೇ, ಎಂಥ ಸನ್ನಿವೇಶದಲ್ಲಿ ಅದು ನಡೆಯಿತು. ವಾರಗಳ ತರುವಾಯ ಸದ್ದಿಲ್ಲದ ಕೊಠಡಿಯಲ್ಲಿ “ಚಾಕುವಿನಿಂದ ತಿವಿದರೆ ಏನಾಗುತ್ತದಪ್ಪಾ?” ಎಂದರೆ “ಸಾಯ್ತಾರೆ ಸಾರ್” ಎಂದು ಹನ್ನೆರಡರ ಹುಡುಗನೂ ಹೇಳಿಯಾನು. ಅದು ಮೊದಲನೆಯ ವಯಸ್ಸಿನ ಉತ್ತರ, ಬೇಕಾದುದು ಎರಡನೆಯದರದು. ಇದು ಬಹು ಸೂಕ್ಷ್ಮವಾದ ಕಾರ್ಯವೆಂದೂ, ಮಂಡಳಿಯಲ್ಲಿ ಆ ಶಾಸ್ತ್ರ ಬಲ್ಲವರಿಲ್ಲದಿದ್ದರೆ ಮನಶ್ಶಾಸ್ತ್ರಜ್ಞರ ನೆರವನ್ನು ಪಡೆಯಲೇಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಇದಕ್ಕೆ ಮೂರು ತಿಂಗಳ ಅವಧಿಯನ್ನು ಕಾಯಿದೆ ಗೊತ್ತುಪಡಿಸಿದೆ. ಆ ಗಡುವು ಮಾರ್ಗದರ್ಶಕ ಮಾತ್ರ, ಮೀರಿದರೆ ಪ್ರಕರಣ ಬಿದ್ದುಹೋಗುವುದಿಲ್ಲವೆಂದು ಅದೇ ನ್ಯಾಯಾಲಯ 2024ರ ಮೇ ತಿಂಗಳಿನಲ್ಲಿ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ತೀರ್ಮಾನಿಸಿತು.

ಈಗ ಯುವಕನ ಪ್ರಶ್ನೆಗೆ ಬರೋಣ. ಮಂಡಳಿಯ ಮುಂದೆ ಈ ಅಂದಾಜಿಗೆ ಯಾರು ನಿಲ್ಲಬೇಕೆಂಬುದನ್ನು ಕಾನೂನು ಹುಡುಗನ ಮನಸ್ಸನ್ನು ನೋಡಿ ಗೊತ್ತುಮಾಡುವುದಿಲ್ಲ; ಅಪರಾಧಕ್ಕೆ ವಿಧಿಸಿರುವ ಕನಿಷ್ಠ ಶಿಕ್ಷೆಯನ್ನು ನೋಡಿ ಗೊತ್ತುಮಾಡುತ್ತದೆ. ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೇಯ. ಇಲ್ಲದಿದ್ದರೆ ಗರಿಷ್ಠ ಶಿಕ್ಷೆ ಎಷ್ಟೇ ಇದ್ದರೂ ‘ಗಂಭೀರ’ ಮಾತ್ರ. ದೆಹಲಿಯಲ್ಲಿ 2016ರಲ್ಲಿ ಅಪ್ರಾಪ್ತನೊಬ್ಬನು ಓಡಿಸುತ್ತಿದ್ದ ಬೆಲೆಬಾಳುವ ಕಾರು ಬಡಿದು ಒಬ್ಬರು ಸತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೀಗೆಂದು ಸ್ಪಷ್ಟಪಡಿಸಿತು; 2021ರ ತಿದ್ದುಪಡಿ ಅದನ್ನೇ ಕಾನೂನಿನಲ್ಲಿ ಸೇರಿಸಿತು.

ಇದರ ಫಲವನ್ನು ಸ್ವಲ್ಪ ನಿಂತು ನೋಡಬೇಕು. ಮಾರಕಾಯುಧವನ್ನು ಬಳಸಿ ದರೋಡೆ ಮಾಡಿದರೆ ಕನಿಷ್ಠ ಶಿಕ್ಷೆ ಏಳು ವರ್ಷ. ಆದ್ದರಿಂದ ಹದಿನೇಳರ ಹುಡುಗನೊಬ್ಬನು ಚಾಕು ತೋರಿಸಿ ಮೊಬೈಲು ಕಿತ್ತುಕೊಂಡರೆ, ಯಾರಿಗೂ ಗಾಯವಾಗದಿದ್ದರೂ ಅದು ಹೇಯ ಅಪರಾಧದ ಸಾಲಿಗೆ ಸೇರಬಲ್ಲದು. ಅದೇ ವಯಸ್ಸಿನವನು ತಂದೆಯ ಕಾರನ್ನು ಅತಿವೇಗದಿಂದ ನಡೆಸಿ ಇಬ್ಬರನ್ನು ಕೊಂದರೆ, ಕೊಲೆಯಲ್ಲದ ನರಹತ್ಯೆಗೆ ಏಳು ವರ್ಷದ ಕನಿಷ್ಠ ಶಿಕ್ಷೆ ಇಲ್ಲದಿರುವುದರಿಂದ, ಅದು ಹೇಯವಾಗುವುದಿಲ್ಲ. ಹದಿನೇಳರ ಹುಡುಗನೂ ಅದಕ್ಕಿಂತ ಒಂದೆರಡು ವರ್ಷ ಚಿಕ್ಕ ಹುಡುಗಿಯೂ ಪರಸ್ಪರ ಮೆಚ್ಚಿ ಕೂಡಿದರೂ ಪೋಕ್ಸೊ ಕಾಯಿದೆಯ ಕನಿಷ್ಠ ಶಿಕ್ಷೆಯ ದೆಸೆಯಿಂದ ಹುಡುಗನ ಮೇಲೆ ಹೇಯ ಅಪರಾಧದ ಆರೋಪ ಬೀಳುತ್ತದೆ. ಕಾನೂನು ಬರೆದವರು ಬಡವನೆಂದೂ ಶ್ರೀಮಂತನೆಂದೂ ಎಣಿಸಿ ಬರೆಯಲಿಲ್ಲ. ಆದರೆ ಚಾಕು ಎಲ್ಲರ ಮನೆಯಲ್ಲಿಯೂ ಉಂಟು, ಕಾರು ಎಲ್ಲರ ಮನೆಯಲ್ಲಿ ಇಲ್ಲ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳರ ಹುಡುಗನೊಬ್ಬನ ಕಾರಿಗೆ ಇಬ್ಬರು ತರುಣ ಇಂಜಿನಿಯರುಗಳು ಬಲಿಯಾದರು. ಅದೇ ದಿನ ಜಾಮೀನು ಸಿಕ್ಕಿತು. ರಸ್ತೆ ಅಪಘಾತಗಳನ್ನು ಕುರಿತು ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬುದು ಷರತ್ತುಗಳಲ್ಲೊಂದು. ಅನಂತರ ಅವನ ರಕ್ತದ ಮಾದರಿಯನ್ನೇ ಬದಲಾಯಿಸಿದರೆಂಬ ಆರೋಪದ ಮೇಲೆ ವೈದ್ಯರೂ ಹೆತ್ತವರೂ ಬಂಧಿತರಾದರು. ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು ಬಾಲನ್ಯಾಯ ಮಂಡಳಿ 2025ರ ಜುಲೈಯಲ್ಲಿ ತಳ್ಳಿಹಾಕಿತು. ಜನ ಕೆರಳಿದ್ದು ಪ್ರಬಂಧಕ್ಕಾಗಿ. ಆದರೆ ಜಾಮೀನು ಸಿಕ್ಕಿದ್ದು ಕಾನೂನಿಗೆ ಹೊರತಾದುದೇನೂ ಅಲ್ಲ: 12ನೆಯ ಪ್ರಕರಣದಂತೆ ಅಪ್ರಾಪ್ತನಿಗೆ ಜಾಮೀನು ಕೊಡುವುದೇ ನಿಯಮ. ಬಿಡುಗಡೆಯಾದರೆ ಅವನು ಅಪರಾಧಿಗಳ ಸಹವಾಸಕ್ಕೆ ಬೀಳುವನೆಂದೋ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯಕ್ಕೊಳಗಾಗುವನೆಂದೋ, ನ್ಯಾಯದ ಉದ್ದೇಶವೇ ಕೆಡುವುದೆಂದೋ ಕಂಡರೆ ಮಾತ್ರ ನಿರಾಕರಿಸಬಹುದು. ನನ್ನ ಮಟ್ಟಿಗೆ ಅಸಮಾನತೆ ಹೊಕ್ಕುವುದು ಈ ಸಣ್ಣ ಅಪವಾದದ ಬಾಗಿಲಿನಿಂದ. ಒಳ್ಳೆಯ ಬಡಾವಣೆಯ ಮನೆಗೆ ಹಿಂದಿರುಗುವ ಹುಡುಗನಿಗೆ ಯಾವ ಅಪಾಯವೂ ಕಾಣುವುದಿಲ್ಲ; ತಂದೆಯಿಲ್ಲದ, ಗುಡಿಸಲಿನ ಸುತ್ತ ಕುಡಿತವಿರುವ ಹುಡುಗನಿಗೆ ಅವನ ಮನೆಯೇ ಅಪಾಯವೆಂದು ತೋರಬಹುದು.

ಪ್ರೌಢಿಮೆಯ ಅಂದಾಜಿನಲ್ಲಿಯೂ ಇದೇ ವಿಚಿತ್ರ. ಬೈಲಕುಪ್ಪೆಯೆಂದರೆ ಹೊರಗಿನವರಿಗೆ ಟಿಬೆಟನ್ನರ ಚಿನ್ನದ ದೇವಾಲಯವೇ ನೆನಪಾಗುವುದು; ಆದರೆ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಯ ಈ ಸೀಮೆ ಹೊಗೆಸೊಪ್ಪಿನ ಸೀಮೆ, ಜೇನುಕುರುಬರ ಹಾಡಿಗಳ ಸೀಮೆ. ಹಾಡಿಯ ಜನ ಕೂಲಿಗಾಗಿ ಕೊಡಗಿನ ಕಾಫಿತೋಟಗಳಿಗೆ ಹೋಗುವುದು ಹಳೆಯ ರೂಢಿ. ಶಾಲೆ ಬಿಟ್ಟು ಹದಿನೈದಕ್ಕೇ ತೋಟಕ್ಕೆ ಹೋದವನು ಮೇಸ್ತ್ರಿಯೊಡನೆ ಕೂಲಿ ಚೌಕಾಸಿ ಮಾಡಬಲ್ಲ, ಒಬ್ಬನೇ ಬಸ್ಸು ಹಿಡಿದು ಊರೂರು ತಿರುಗಬಲ್ಲ, ಮನೆಗೆ ಅಕ್ಕಿ ತರಬಲ್ಲ. ಸಾಮಾಜಿಕ ತನಿಖಾ ವರದಿಯಲ್ಲಿ ಇದೆಲ್ಲ ‘ಲೋಕಾನುಭವ’ವಾಗಿ ಕಾಣುತ್ತದೆ. ಹದಿನೇಳಕ್ಕೂ ತಾಯಿಯೇ ಊಟದ ಡಬ್ಬಿ ಕಟ್ಟಿಕೊಡುವ ಪಟ್ಟಣದ ಹುಡುಗ ಇನ್ನೂ ಮಗುವಾಗಿಯೇ ಕಾಣುತ್ತಾನೆ. ಬಡತನ ಹುಡುಗನನ್ನು ಬೇಗ ದೊಡ್ಡವನಂತೆ ತೋರಿಸುತ್ತದೆ. ಅವನ ಹಣೆಯ ಹಿಂದಿನ ನರತಂತುಗಳನ್ನು ಮಾತ್ರ ಒಂದು ದಿನವೂ ಮೊದಲು ಬಲಿಸುವುದಿಲ್ಲ.

ಹಾಗಾದರೆ ಹೊಣೆಯೇ ಬೇಡವೇ? ಹಾಗೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಳವರೆಗೆ ಹಿಂಬಾಲಿಸಿದ ಅಧ್ಯಯನದ ಆಧಾರದಿಂದ ಟೆರಿ ಮಾಫಿಟ್ ಎಂಬ ವಿದುಷಿ ಎರಡು ಬಗೆಗಳನ್ನು ಗುರುತಿಸಿದರು: ಹರೆಯದಲ್ಲಿ ದಾರಿ ತಪ್ಪಿ ತಾವಾಗಿಯೇ ನಿಲ್ಲುವ ಬಹುಮಂದಿ, ಬಾಲ್ಯದಿಂದಲೇ ಮೊದಲಾಗಿ ಬಹುಕಾಲ ಮುಂದುವರಿಯುವ ಸಣ್ಣದೊಂದು ಗುಂಪು. ಎರಡನೆಯವರ ವಿಷಯದಲ್ಲಿ ಬಿಗಿ ಬೇಕೆಂಬುದು ನಿಜ. ಆದರೆ ಮೊದಲನೆಯವರನ್ನು ವಯಸ್ಕರ ನ್ಯಾಯಾಲಯಕ್ಕೆ ದೂಡಿದುದರ ಪರಿಣಾಮವನ್ನು ಅಮೆರಿಕ ಕಂಡಿದೆ. ಅಲ್ಲಿನ ರೋಗನಿಯಂತ್ರಣ ಕೇಂದ್ರದ ನೆರವಿನಿಂದ ನಡೆದ ತಜ್ಞರ ಸಮಿತಿಯೊಂದು 2007ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ಹೀಗೆ ವರ್ಗಾಯಿಸಲ್ಪಟ್ಟ ಎಳೆಯರು ಬಾಲನ್ಯಾಯ ವ್ಯವಸ್ಥೆಯಲ್ಲಿಯೇ ಉಳಿದವರಿಗಿಂತ ಮುಂದೆ ಹೆಚ್ಚಾಗಿ ಹಿಂಸೆಗಿಳಿದರೆಂದು ಕಂಡುಕೊಂಡಿತು. ಹೋಟೆಲಿನ ಹಿರಿಯರು ಬಯಸಿದ್ದು ಊರಿನ ಕ್ಷೇಮ. ಅವರು ಸೂಚಿಸಿದ ದಾರಿ ಅಲ್ಲಿಗೆ ಹೋಗುವುದೇ ಎಂಬುದು ಸಂದೇಹ.

ಮೈಸೂರು ಜಿಲ್ಲೆಯ ಬಾಲನ್ಯಾಯ ಮಂಡಳಿ ಇರುವುದು ಮೈಸೂರಿನಲ್ಲಿ; ಬೈಲಕುಪ್ಪೆಯಿಂದ ಸುಮಾರು 80 ಕಿಲೋಮೀಟರು. ವಿಚಾರಣೆಯ ದಿನ ಹಾಡಿಯ ತಾಯಿಯೊಬ್ಬಳು ಹೊತ್ತು ಮೂಡುವ ಮೊದಲೇ ಹೆದ್ದಾರಿಗೆ ನಡೆದುಬಂದು ಬಸ್ಸು ಹಿಡಿಯಬೇಕು. ಆ ದಿನದ ಕೂಲಿ ಹೋಯಿತು, ಬಸ್ಸಿನ ಹೊತ್ತೂ ಹೋಯಿತು. ವಿಚಾರಣೆ ಮುಂದಕ್ಕೆ ಹೋದರೆ ಇನ್ನೊಂದು ದಿನ, ಮತ್ತೊಂದು ದಿನ. ಯಾವುದೋ ಒಂದು ದಿನ ತೋಟದಲ್ಲಿ ಕುಯ್ಲಿನ ಕೆಲಸ ಬಿಡಲಾಗದೆ ಅವಳು ಉಳಿದುಬಿಡುತ್ತಾಳೆ. ಆ ದಿನದ ಹಾಳೆಯಲ್ಲಿ ‘ಪೋಷಕರು ಗೈರುಹಾಜರು’ ಎಂಬ ಎರಡು ಪದಗಳು ಸೇರುತ್ತವೆ. ಮುಂದೆ ಹುಡುಗನ ಸನ್ನಿವೇಶವನ್ನು ತೂಗುವವರು ಓದುವ ಹಾಳೆಯೂ ಅದೇ.