ಮರದ ಛಾವಣಿಯೂ ಗಣಕಯಂತ್ರವೂ

ಗಣಕಯಂತ್ರದ ಲೆಕ್ಕದಿಂದ ರೂಪುಗೊಂಡು ರೋಬೋಟಿನಿಂದ ಸಿದ್ಧವಾದ ಮರದ ಕಟ್ಟಡಗಳು ಈ ಶತಮಾನದಲ್ಲಿ ಯೂರೋಪಿನ ಕೆಲವು ನಗರಗಳಲ್ಲಿ ತಲೆಯೆತ್ತಿವೆ. ಇವು ಎಂಜಿನಿಯರುಗಳಿಗೆ ಮಾತ್ರ ಸೇರಿದ ವಿಷಯವೆಂದು ಇತಿಹಾಸದ ವಿದ್ಯಾರ್ಥಿಗಳು ಭಾವಿಸುವುದುಂಟು. ಆದರೆ ದೊಡ್ಡ ಮರ ದೊರೆಯದಿದ್ದಾಗ ಸಣ್ಣ ತುಂಡುಗಳಿಂದ ವಿಶಾಲವಾದ ಛಾವಣಿಯನ್ನು ಕಟ್ಟುವುದು ಹೇಗೆಂಬ ಪ್ರಶ್ನೆ ಇವುಗಳ ಹಿಂದಿದೆ. ಆ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ.

ಫ್ರಾನ್ಸಿನ ವಾಸ್ತುಶಿಲ್ಪಿ ಫಿಲಿಬೇರ್ ದ ಲೋರ್ಮ್ 1561ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಉತ್ತರವನ್ನು ಕೊಟ್ಟನು. ಚಿಕ್ಕ ಹಲಗೆಗಳನ್ನು ಬಾಗಾಗಿ ಕೊಯ್ದು, ಒಂದರ ಸಂಧಿಯ ಪಕ್ಕದಲ್ಲಿ ಮತ್ತೊಂದರ ಸಂಧಿ ಬಾರದಂತೆ ಜೋಡಿಸಿ, ಕಮಾನುಗಳನ್ನು ರಚಿಸುವುದು ಆತನ ವಿಧಾನ. ಇದನ್ನೇ ಅನುಸರಿಸಿ 1783ರಲ್ಲಿ ಪ್ಯಾರಿಸ್ಸಿನ ಧಾನ್ಯದ ಮಾರುಕಟ್ಟೆಗೆ ಭಾರಿ ಗುಮ್ಮಟವನ್ನು ಕಟ್ಟಿದರು. ಅದು 1802ರಲ್ಲಿ ಬೆಂಕಿಗೆ ಆಹುತಿಯಾಯಿತು.

ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನಿಯಲ್ಲಿ ವಸತಿಯ ಅಭಾವ ತೀವ್ರವಾಯಿತು. ಮೆರ್ಸೆಬುರ್ಗ್ ನಗರದ ಕಟ್ಟಡಾಧಿಕಾರಿಯಾಗಿದ್ದ ಫ್ರೀಡ್ರಿಖ್ ಝೋಲಿಂಗರನು ಒಂದೇ ಅಳತೆಯ ಗಿಡ್ಡ ಹಲಗೆಗಳನ್ನು ಬಲೆಯ ಕಣ್ಣುಗಳಂತೆ ಹೆಣೆದು ಛಾವಣಿ ಮಾಡುವ ಕ್ರಮವನ್ನು ಆಚರಣೆಗೆ ತಂದನು. ತುಂಡುಗಳೆಲ್ಲವೂ ಒಂದೇ ತೆರನಾದುದರಿಂದ ಕೆಲಸ ಸುಲಭವಾಯಿತು. ಆದರೆ ತುಂಡುಗಳು ಸಮನಾಗಿರಬೇಕಾದರೆ ಛಾವಣಿಯ ಬಾಗೂ ಸಮನಾಗಿರಬೇಕಾಗುವುದು. ಅಗ್ಗದ ಬೆಲೆಗಾಗಿ ರೂಪದ ವೈವಿಧ್ಯವನ್ನು ಬಿಟ್ಟುಕೊಡಬೇಕಾಯಿತು.

ಗಣಕಯಂತ್ರವು ಬದಲಾಯಿಸಿದುದು ಈ ನಿರ್ಬಂಧವನ್ನು. ಪ್ರತಿಯೊಂದು ತುಂಡಿನ ಉದ್ದ, ಕೋನ, ಮೊಳೆಯ ಸ್ಥಾನ ಇವೆಲ್ಲವನ್ನೂ ಅದು ಬೇರೆ ಬೇರೆಯಾಗಿ ಗಣಿಸಬಲ್ಲದು. ಆ ಅಂಕಿಗಳನ್ನು ಪಡೆದ ರೋಬೋಟಿಗೆ, ಅಂದರೆ ಹಲವು ಕೀಲುಗಳುಳ್ಳ ಯಂತ್ರಬಾಹುವಿಗೆ, ಸಮನಾದ ತುಂಡೂ ಅಸಮವಾದ ತುಂಡೂ ಹೆಚ್ಚುಕಡಮೆ ಒಂದೇ ಶ್ರಮ. ಝೂರಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ 2016ರಲ್ಲಿ ಪೂರ್ಣಗೊಂಡ ಕಟ್ಟಡವೊಂದರ ಅಲೆಯಾಕಾರದ ಛಾವಣಿ ಇದಕ್ಕೆ ನಿದರ್ಶನ. ಅದರ ವಿಸ್ತಾರ 2,308 ಚದರ ಮೀಟರು. ಅಲ್ಲಿನ 168 ಟ್ರಸ್ಸುಗಳಲ್ಲಿ 48,624 ಮರದ ಪಟ್ಟಿಗಳಿದ್ದು, ಅವುಗಳನ್ನು ಯಂತ್ರವೇ ಕೊಯ್ದು ಸ್ಥಾನದಲ್ಲಿರಿಸಿತು.

ಜರ್ಮನಿಯ ಹೈಲ್‌ಬ್ರೋನಿನಲ್ಲಿ 2019ರ ಉದ್ಯಾನ ಪ್ರದರ್ಶನಕ್ಕಾಗಿ ಸ್ಟುಟ್‌ಗಾರ್ಟ್ ವಿಶ್ವವಿದ್ಯಾನಿಲಯದ ಆಖಿಮ್ ಮೆಂಗೆಸ್ ಮತ್ತು ಯಾನ್ ಕ್ನಿಪ್ಪರ್ಸ್ ಅವರ ತಂಡಗಳು ರಚಿಸಿದ ಮಂಟಪ ಮತ್ತೊಂದು ನಿದರ್ಶನ. ಕಡಲ ಜೀವಿಯೊಂದರ ಚಿಪ್ಪಿನ ಫಲಕರಚನೆ ಅದಕ್ಕೆ ಮಾದರಿಯಾಗಿತ್ತು. 376 ಟೊಳ್ಳು ಪೆಟ್ಟಿಗೆಗಳು ಸೇರಿ, ನಡುವೆ ಕಂಬವಿಲ್ಲದೆ 30 ಮೀಟರಿನ ಅಂತರವನ್ನು ದಾಟಿದವು. ಪೆಟ್ಟಿಗೆಗಳ ಅಂಚುಗಳಲ್ಲಿ ಎರಡು ಕೈಗಳ ಬೆರಳು ಹೆಣೆದಂತೆ ಕೂಡುವ ಸುಮಾರು 17,000 ಕಚ್ಚುಗಳಿದ್ದವು. ನೆಲದ ಮೇಲಿನ ಜೋಡಣೆಯನ್ನು ಮಾತ್ರ ಮನುಷ್ಯರೇ ಮಾಡಿದರು. ಅದು 10 ಕೆಲಸದ ದಿನಗಳಲ್ಲಿ ಮುಗಿಯಿತು. ಮರದ ಕಚ್ಚು ಬಡಗಿಯ ಪುರಾತನ ವಿದ್ಯೆಯೆಂಬುದನ್ನು ಇಲ್ಲಿ ಗಮನಿಸಬೇಕು.

ಹಾಗಾದರೆ ಬಡಗಿಯ ಅರಿವು ಎಲ್ಲಿಗೆ ಹೋಯಿತು? ಅದರ ಒಂದು ಪಾಲು ಗಣಕದ ಕ್ರಮವಿಧಿಯನ್ನು ಸೇರಿತು. ಮತ್ತೊಂದು ಪಾಲಿಗೆ ಕೆಲಸವೇ ತಪ್ಪಿತು. ಹೈಲ್‌ಬ್ರೋನಿನಲ್ಲಿ ಬಳಸಿದುದು ಮರವನ್ನು ತೆಳುವಾದ ಪದರಗಳಾಗಿ ಸುಲಿದು ಅಂಟಿಸಿದ ಹಲಗೆ. ಅದರಲ್ಲಿ ಗಂಟು, ಎಳೆಗಳ ವ್ಯತ್ಯಾಸ ಬಹುಮಟ್ಟಿಗೆ ಅಡಗುವುದರಿಂದ, ಒಂದೊಂದು ಮರದ ಗುಣವನ್ನು ಕಣ್ಣಿನಿಂದಲೇ ಗುರುತಿಸುವ ಅನುಭವದ ಅಗತ್ಯ ಕುಗ್ಗುವುದು.

ಇತಿಹಾಸಕಾರರಿಗೆ ಇದರಿಂದ ಹೊಸದೊಂದು ಹೊಣೆ ಒದಗಿದೆ. ದ ಲೋರ್ಮನ ಗ್ರಂಥವನ್ನು ನಾವು ಇಂದಿಗೂ ತೆರೆದು ಓದಬಹುದು. ಗುಮ್ಮಟ ಸುಟ್ಟುಹೋದರೂ ವಿಧಾನ ಉಳಿದಿದೆ. ಇಂದಿನ ಛಾವಣಿಗಳ ತರ್ಕ ಅಡಗಿರುವುದು ಗಣಕದ ಕಡತಗಳಲ್ಲಿ. ಅವನ್ನು ಓದಬಲ್ಲ ಯಂತ್ರವೂ ಭಾಷೆಯೂ ಕೆಲವೇ ದಶಕಗಳಲ್ಲಿ ಬಳಕೆ ತಪ್ಪಬಹುದು. ಶಾಸನವನ್ನೂ ತಾಳೆಗರಿಯನ್ನೂ ಆಕರಗಳೆಂದು ಕಾಪಾಡುವ ನಾವು, ಈ ಕ್ರಮವಿಧಿಗಳನ್ನೂ ಆಕರಗಳೆಂದೇ ಪರಿಗಣಿಸಿ, ಅವುಗಳನ್ನು ಬರೆದವರು ಇರುವಾಗಲೇ ವಿವರಣೆಸಹಿತ ಸಂಗ್ರಹಿಸುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.